ಎರಡೂಕಾಲು ಗಂಟೆ ನಿದ್ದೆ

"ಕಸದಬುಟ್ಟಿ ತೋರಿಸಿ ಸಾರ್," ಎಂದಳು ಜಿಗಣೆ.

ಅಂಕಿಅಂಶ ಕಚೇರಿಯ ಅಧಿಕಾರಿ ಬಗ್ಗಿ ಮೇಜಿನ ಕೆಳಗಿನ ಬುಟ್ಟಿಯನ್ನೇ ಎತ್ತಿ ಹಿಡಿದರು. ಅದರಲ್ಲಿ ಪೆನ್ಸಿಲ್ ಸಿಪ್ಪೆ ಮತ್ತು ಒಂದು ಕಾಗದದ ಲೋಟ ಇದ್ದವು.

"ಇದಲ್ಲ. ಕಂಪ್ಯೂಟರ್‌ನಲ್ಲಿರೋದು. ಮಕ್ಕಳ ಉತ್ತರಗಳಲ್ಲಿ ಬೇಡ ಅಂತ ನೀವು ಎಸೆದಿರೋದು."

ಪೊಲೀಸ್ ಇಲಾಖೆಯಲ್ಲಿ ಅವಳಿಗೆ ಜಿಗಣೆ ಎಂದು ಹೆಸರು ಬಿದ್ದು ವರ್ಷಗಳಾಗಿದ್ದವು. ಕಾಣೆಯಾದವರನ್ನು ಹುಡುಕುವ ವಿಭಾಗದವಳು, ಹಿಡಿದರೆ ಬಿಡುವವರ ಪೈಕಿಯಲ್ಲ. ಆದರೆ ಈ ಸಲ ಹಿಡಿಯಲು ಏನೂ ಸಿಕ್ಕಿರಲಿಲ್ಲ. ಗ್ಯಾರೇಜಿನ ಮೆಕ್ಯಾನಿಕ್ ಒಬ್ಬನ ಮಗಳು ಪುಟ್ಟಿ ಶಾಲೆಗೆಂದು ಹೋದವಳು ಮನೆಗೆ ಬಾರದೆ ಒಂದು ವಾರವಾಗಿತ್ತು. ಊರೆಲ್ಲ ಬೆರಳು ತೋರಿಸಿದ್ದ ಡ್ರಾಯಿಂಗ್ ಮೇಷ್ಟ್ರು ಆ ದಿನ ಹಲ್ಲು ಕೀಳಿಸಿಕೊಂಡು ಆಸ್ಪತ್ರೆಯಲ್ಲಿದ್ದರೆಂದು ನಿನ್ನೆ ಖಾತ್ರಿಯಾಗಿ, ಕೇಸು ಹೊರಟ ಜಾಗಕ್ಕೇ ಬಂದು ಕೂತಿತ್ತು.

ಪುಟ್ಟಿಯ ಜೊತೆಯ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಏನು ಕೇಳಿದರೂ "ಗೊತ್ತಿಲ್ಲ ಆಂಟಿ." ಎದುರಿಗೆ ಹೇಳದ ಮಕ್ಕಳು ಹೆಸರು ಬರೆಯಬೇಕಿಲ್ಲದ ಕಡೆ ಏನಾದರೂ ಹೇಳಿಕೊಂಡಿರಬಹುದೇ? ವರ್ಷಕ್ಕೊಮ್ಮೆ ಎಲ್ಲ ಶಾಲೆಗಳಲ್ಲೂ ನಡೆಯುವ ಆರೋಗ್ಯ ಸಮೀಕ್ಷೆಯ ನೆನಪಾದದ್ದು ಹಾಗೆ. ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವ ಮೊದಲೇ ಅವಳು ಬಂದು ಮೆಟ್ಟಿಲ ಮೇಲೆ ಕೂತಿದ್ದಳು.

ಈ ಅಧಿಕಾರಿಯನ್ನು ಕಚೇರಿಯವರೆಲ್ಲ ಕರೆಯುವುದು ಸರಾಸರಿ ಸಾಹೇಬರು ಎಂದು. ಹೆಂಡತಿ ಹೇಗಿದ್ದಾರೆ ಎಂದು ಕೇಳಿದರೆ, ಕಳೆದ ವರ್ಷಕ್ಕಿಂತ ಸ್ವಲ್ಪ ವಾಸಿ ಎನ್ನುವ ಮನುಷ್ಯ. ಕೆಟ್ಟವರಲ್ಲ. ಮಕ್ಕಳ ಎತ್ತರ, ತೂಕ, ನಿದ್ದೆ, ಅಂಕ ಎಲ್ಲವನ್ನೂ ಕೂಡಿಸಿ ಭಾಗಿಸಿ ಇಪ್ಪತ್ತು ವರ್ಷ ಕಳೆದಿದ್ದಾರೆ. ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ್ದು ಮಾತ್ರ ಯಾರಿಗೂ ನೆನಪಿಲ್ಲ.

"ನೋಡೀಮ್ಮ, ಹುಡುಗರು ಅಂದ್ರೆ ಹುಡುಗರೇ," ಎಂದರು ಅವರು ಬುಟ್ಟಿಯನ್ನು ಕೆಳಗಿಡುತ್ತ. "ಒಬ್ಬ ತನ್ನ ತೂಕ ನಾಲ್ಕು ನೂರು ಕೆ.ಜಿ. ಅಂತಾನೆ. ಇನ್ನೊಬ್ಬ ತನಗೆ ಅರವತ್ತು ಜನ ತಮ್ಮಂದಿರು ಅಂತಾನೆ. ಇಂಥವನ್ನೆಲ್ಲ ಸೇರಿಸಿದ್ರೆ ಲೆಕ್ಕ ಕುಲಗೆಟ್ಟು ಹೋಗುತ್ತೆ. ಅದಕ್ಕೇ ಒಂದು ನಿಯಮ ಇದೆ. ಆಗದ ಮಾತು ಬರೆದಿದ್ರೆ ಅವರ ಉತ್ತರ ಪೂರ್ತಿ ಔಟ್."

"ನಿದ್ದೆ ವಿಷಯದಲ್ಲಿ ಆಗದ ಮಾತು ಅಂದ್ರೆ ಎಷ್ಟು?"

"ರಾತ್ರಿ ಮೂರು ಗಂಟೆಗಿಂತ ಕಡಿಮೆ. ಅಷ್ಟು ಕಡಿಮೆ ಮಲಗಿ ಯಾವ ಮಗು ವರ್ಷವೆಲ್ಲ ಶಾಲೆಗೆ ಬರುತ್ತೆ ಹೇಳಿ? ಸುಳ್ಳು ಅಂತ ಕಣ್ಣು ಮುಚ್ಚಿ ಹೇಳಬಹುದು."

"ಕಣ್ಣು ತೆರೆದು ಒಂದ್ಸಲ ನೋಡೋಣ ಸಾರ್."

ಸಾಹೇಬರು ಗೊಣಗಿಕೊಂಡು ಫೈಲು ತೆರೆದರು. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ಒಂದು ಶಾಲೆಯಿಂದ ಒಂದು, ಇನ್ನೊಂದರಿಂದ ಎರಡು, ಹೆಚ್ಚಿನವುಗಳಿಂದ ಏನೂ ಇಲ್ಲ. ಆಮೇಲೆ ಪುಟ್ಟಿಯ ಶಾಲೆ ಬಂತು. ಬಂದದ್ದು ಮುಗಿಯಲೇ ಇಲ್ಲ. ಬೆರಳಿನಿಂದ ಉರುಳಿಸಿದಷ್ಟೂ ಅದೇ ಶಾಲೆ, ಅದೇ ಕೊನೆಯ ವರ್ಷದ ತರಗತಿ.

"ಇಡೀ ಕ್ಲಾಸೇ ಕಸಕ್ಕೆ ಹೋಗಿದೆಯಲ್ಲ!"

"ಒಬ್ಬ ಶುರು ಮಾಡಿರ್ತಾನೆ, ಉಳಿದವರು ಕುರಿಗಳ ಹಾಗೆ ಹಿಂದೆ ಬಿದ್ದಿರ್ತಾರೆ. ನಾನು ನೋಡದ ತುಂಟತನವಾ ಇದು?"

ಜಿಗಣೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅಂಕಿಗಳೆಂದರೆ ಅವಳಿಗೆ ಶಾಲೆಯ ದಿನಗಳಿಂದಲೂ ಅಷ್ಟಕ್ಕಷ್ಟೆ. ಆದರೆ ಸುಳ್ಳು ಹೇಳುವವರ ಮುಖಗಳನ್ನು ನೋಡಿ ನೋಡಿ ಅವಳಿಗೆ ಸುಳ್ಳಿನ ನಡಿಗೆ ಗೊತ್ತಿತ್ತು. ಈ ಸಾಲುಗಳು ಹಾಗೆ ನಡೆಯುತ್ತಿರಲಿಲ್ಲ.

"ಸಾರ್, ತಮಾಷೆ ಮಾಡೋನು ಸೊನ್ನೆ ಅಂತ ಬರೀತಾನೆ. ಇಲ್ಲಾ ನೂರು ಅಂತ ಬರೀತಾನೆ. ಇಲ್ಲಿ ನೋಡಿ. ಎರಡೂವರೆ, ಎರಡೂಮುಕ್ಕಾಲು. ಇವಳು ಯಾರೋ, ಎರಡೂಕಾಲು ಅಂತ ಬರೆದಿದ್ದಾಳೆ. ತಮಾಷೆಗೆ ಯಾರಾದ್ರೂ ಕಾಲು ಗಂಟೆ ಲೆಕ್ಕ ಹಾಕ್ತಾರಾ?"

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಇವರ ತೂಕ?"

"ತೂಕ ಮಕ್ಕಳು ಹೇಳೋದಲ್ಲ, ಶಾಲೆಯ ನರ್ಸ್ ತೂಗಿ ಬರೀತಾಳೆ." ಅವರ ದನಿ ಈಗ ಸ್ವಲ್ಪ ಇಳಿದಿತ್ತು. "ಆ ಶಾಲೆಯಲ್ಲಿ ವರ್ಷದೊಳಗೆ ಎಲ್ಲರದೂ ಕಡಿಮೆಯಾಗಿತ್ತು. ತಕ್ಕಡಿ ಕೆಟ್ಟಿದೆ, ಬದಲಾಯಿಸಿ ಅಂತ ನಾನೇ ಹೇಳಿಕಳಿಸಿದೆ. ಹೊಸದು ತಂದ್ರು."

"ಹೊಸದರಲ್ಲಿ ಹೆಚ್ಚಾಯ್ತಾ?"

"ಇಲ್ಲ."

"ಮತ್ತೆ ಅಂಕ?"

"ಅಂಕ ಮಾತ್ರ ಬೊಂಬಾಟ್. ಜಿಲ್ಲೆಗೇ ಮೊದಲು."

ಮಕ್ಕಳು ಸುಳ್ಳು ಹೇಳಿದರು, ತಕ್ಕಡಿಯೂ ಸುಳ್ಳು ಹೇಳಿತು. ಏರಿದ ಅಂಕಗಳನ್ನು ಮಾತ್ರ ಯಾರೂ ಕಸಕ್ಕೆ ಹಾಕಲಿಲ್ಲ. ಜಿಗಣೆಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯದೆ ಪೆನ್ನಿನ ಮುಚ್ಚಳ ಕಚ್ಚಿದಳು.

"ಇವರನ್ನೆಲ್ಲ ವಾಪಸ್ ಸೇರಿಸಿದ್ರೆ ನಿಮ್ಮ ಸರಾಸರಿ ಏನಾಗುತ್ತೆ?"

ಸಾಹೇಬರು ಕೀಲಿಗಳನ್ನು ಒತ್ತಿದರು. ಬಂದ ಅಂಕಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರು.

"ಏನೂ ಆಗಲ್ಲಮ್ಮ," ಎಂದರು ಕೊನೆಗೆ. "ಊರಲ್ಲಿ ಅಷ್ಟೊಂದು ಮಕ್ಕಳಿದ್ದಾರೆ. ಇವರು ಸೇರಿದ್ರೂ ಒಂದು ನಿಮಿಷ ಕೂಡ ಇಳಿಯಲ್ಲ. ಎಸೆಯದೇ ಇದ್ದಿದ್ರೂ ನನಗೆ ಕಾಣಿಸ್ತಿರಲಿಲ್ಲ."

ಇಪ್ಪತ್ತು ವರ್ಷದ ಕೆಲಸದ ಬಗ್ಗೆ ಒಬ್ಬ ಮನುಷ್ಯ ಹೇಳಿಕೊಳ್ಳಬಹುದಾದ ಮಾತಲ್ಲ ಅದು. ಜಿಗಣೆಗೆ ಪಾಪ ಎನಿಸಿತು. ಆದರೆ ಪಾಪ ಎನ್ನುತ್ತ ಕೂರಲು ಹೊತ್ತಿರಲಿಲ್ಲ.

"ಇನ್ನೊಂದೇ ಪ್ರಶ್ನೆ ಸಾರ್. ಮನಸ್ಸಿನ ಮಾತು ಯಾರ ಹತ್ತಿರ ಹೇಳಿಕೊಳ್ತೀಯ ಅಂತ ಕೇಳಿದ್ದೀರಲ್ಲ. ಇವರು ಯಾರಿಗೆ ಗುರುತು ಹಾಕಿದ್ದಾರೆ?"

ಬೇರೆ ಶಾಲೆಗಳಲ್ಲಿ ಅಮ್ಮ, ಗೆಳೆಯರು, ಯಾರೂ ಇಲ್ಲ ಎಂಬ ಉತ್ತರಗಳು ಹಂಚಿಹೋಗಿದ್ದವು. ಈ ತರಗತಿಯಲ್ಲಿ ಅಪ್ಪನಿಗಾಗಲಿ ಅಮ್ಮನಿಗಾಗಲಿ ಒಬ್ಬರೂ ಗುರುತು ಹಾಕಿರಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಹಾಕಿದ್ದು ಒಂದೇ ಕಡೆ: ಆರೋಗ್ಯ ಕೊಠಡಿ.

ಜಿಗಣೆ ನೇರ ಪುಟ್ಟಿಯ ಶಾಲೆಗೆ ಹೋದಳು. ಗೇಟಿನ ಹೊರಗೆ ಅಪ್ಪ ಅಮ್ಮಂದಿರ ಗುಂಪು ನೆರೆದಿತ್ತು. ಅಂದು ಕೊನೆಯ ವರ್ಷದವರಿಗೆ ಪರೀಕ್ಷೆ ಶುರು. ಮಕ್ಕಳು ಆಗಲೇ ಒಳಗೆ ಹೋಗಿದ್ದರು. ಹೊರಗುಳಿದವರು ತಾವೇ ಬರೆಯುತ್ತಿರುವಂತೆ ಬೆವರುತ್ತಿದ್ದರು.

ಆ ಗುಂಪಿನಲ್ಲಿ ಮೆಕ್ಯಾನಿಕ್ ನಿಂತಿದ್ದ.

ಅವನನ್ನು ಕಂಡೊಡನೆ ಜಿಗಣೆಯ ಕಾಲು ತಡೆಯಿತು. ವಾರದಿಂದ ಅವನು ದಿನವೂ ಠಾಣೆಯ ಬೆಂಚಿನ ಮೇಲೆ ಕೂತು, ಅವಳ ಮುಖ ಕಂಡರೆ ಸಾಕು, ಎದ್ದು ನಿಂತು "ಏನಾದ್ರೂ ಗೊತ್ತಾಯ್ತಾ ಮೇಡಂ?" ಎನ್ನುತ್ತಿದ್ದ. ಉಗುರಿನ ಸಂದಿಯ ಗ್ರೀಸು ಎಷ್ಟು ಉಜ್ಜಿದರೂ ಹೋಗದ ಆ ಕೈಗಳನ್ನು ಜೋಡಿಸುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಸಾಕಿದ ಮಗಳು.

ಜಿಗಣೆ ಮೊದಲ ಸಲ ಅವನ ಮನೆಗೆ ಹೋದಾಗ ಅವನು ಪುಟ್ಟಿಯ ಹಾಸಿಗೆ ತೋರಿಸಿದ್ದ. ಹೊದಿಕೆ ಅಂಗಡಿಯಿಂದ ಈಗ ತಂದಂತೆ ಮಡಿಸಿಟ್ಟಿತ್ತು, ದಿಂಬಿನಲ್ಲಿ ಒಂದು ತಗ್ಗೂ ಇರಲಿಲ್ಲ. "ಯಾವಾಗ ನೋಡಿದ್ರೂ ಹಿಂಗೇ ಇರುತ್ತೆ ಮೇಡಂ. ಅಷ್ಟು ಶಿಸ್ತು ನನ್ನ ಕೂಸಿಗೆ," ಎಂದು ಹೆಮ್ಮೆಪಟ್ಟಿದ್ದ. ಅದು ಶಿಸ್ತಲ್ಲ, ಆ ಹಾಸಿಗೆಯ ಮೇಲೆ ಯಾರೂ ಮಲಗುತ್ತಿರಲಿಲ್ಲ ಎಂಬುದು ಈಗ ಅವಳಿಗೆ ಹೊಳೆಯಿತು.

"ಇಲ್ಲಿ ಯಾಕೆ ನಿಂತಿದ್ದೀರಿ?"

"ಇವತ್ತು ಮೊದಲನೇ ಪೇಪರ್ ಮೇಡಂ," ಎಂದ ಅವನು. ಕಂಕುಳಲ್ಲಿ ಒಂದು ಫ್ಲಾಸ್ಕು. ಮುಖ ಕ್ಷೌರ ಮಾಡಿಕೊಂಡಿದ್ದ. ಬೇರೇನೂ ಹೇಳಲಿಲ್ಲ.

ಮಗಳು ಇದ್ದಿದ್ದರೆ ಇವತ್ತು ಇಲ್ಲಿ ಬಂದು ನಿಲ್ಲುತ್ತಿದ್ದ. ಮಗಳಿಲ್ಲದಿದ್ದರೂ ಬಂದು ನಿಂತಿದ್ದಾನೆ. ಏನಾದ್ರೂ ಗೊತ್ತಾಯ್ತಾ ಎಂದು ಕೇಳುವುದನ್ನೂ ಬಿಟ್ಟಿದ್ದಾನೆ, ಆಸೆ ಅಷ್ಟು ಬತ್ತಿಹೋಗಿದೆ. ಜಿಗಣೆ ಹಾಗೆಂದುಕೊಂಡು ತಲೆ ತಗ್ಗಿಸಿ ಒಳಗೆ ನಡೆದಳು.

ಆರೋಗ್ಯ ಕೊಠಡಿ ನೆಲಮಹಡಿಯ ಕೊನೆಯಲ್ಲಿತ್ತು. ಗೋಡೆಯ ಮೇಲೆ ಹಲ್ಲುಜ್ಜುವ ಚಿತ್ರ, ಮೂಲೆಯಲ್ಲಿ ಹೊಸ ತಕ್ಕಡಿ, ಪರದೆಯ ಹಿಂದೆ ಎರಡು ಮಂಚಗಳ ಕಬ್ಬಿಣದ ಚೌಕಟ್ಟು ಮಾತ್ರ. ಮಕ್ಕಳು ನರ್ಸಕ್ಕ ಎಂದು ಕರೆಯುವ ಹೆಂಗಸು ಕಿಟಕಿಯ ಹತ್ತಿರ ನಿಂತಿದ್ದಳು. ಕಣ್ಣುಗಳು ಕೆಂಪಾಗಿದ್ದವು.

"ಹಾಸಿಗೆ ಎಲ್ಲಿ?" ಎಂದಳು ಜಿಗಣೆ.

"ಪ್ರಿನ್ಸಿಪಾಲರು ತೆಗೆಸಿದ್ರು. ಮಕ್ಕಳು ಕ್ಲಾಸ್ ತಪ್ಪಿಸಿ ಬಂದು ಮಲಗ್ತಾರೆ ಅಂತ."

"ನೀವು ಮಲಗೋಕೆ ಬಿಡ್ತಿದ್ರಿ."

"ಬಿಡ್ತಿದ್ದೆ. ಅರ್ಧ ಗಂಟೆ ಮಲಗಿದ್ರೆ ಸಾಕು, ಎದ್ದಾಗ ಮನುಷ್ಯರ ಹಾಗೆ ಕಾಣ್ತಿದ್ರು. ಹಾಸಿಗೆ ಹೋದ ಮೇಲೆ ನೆಲದ ಮೇಲೆ ಮಲಗಿಸ್ತಿದ್ದೆ. ಅದಕ್ಕೂ ಬೈಸಿಕೊಂಡೆ."

"ಅವರಿಗೆ ನಿದ್ದೆ ಬರದ ಹಾಗೆ ಏನು ಕೊಡ್ತಿದ್ರಿ?"

ನರ್ಸಕ್ಕ ಗಕ್ಕನೆ ತಿರುಗಿದಳು. "ನಾನು?"

"ತೂಕ ಇಳಿದಿದೆ, ನಿದ್ದೆ ಹೋಗಿದೆ, ಅಂಕ ಏರಿದೆ. ಇಡೀ ಕ್ಲಾಸಿಗೆ ಒಟ್ಟಿಗೆ. ಅದು ಓದಿನಿಂದ ಆಗೋದಲ್ಲ, ಮಾತ್ರೆಯಿಂದ. ಈ ಶಾಲೆಯಲ್ಲಿ ಮಾತ್ರೆ ಡಬ್ಬಿಯ ಬೀಗದಕೈ ಇರೋದು ನಿಮ್ಮ ಸೊಂಟದಲ್ಲಿ."

"ಶಾಲೆಯಿಂದ ಮನೆಗೆ ಹೋಗಲ್ಲ ಮೇಡಂ ಆ ಮಾತ್ರೆ. ಮನೆಯಿಂದ ಶಾಲೆಗೆ ಬರುತ್ತೆ."

ಜಿಗಣೆ ಟಿಪ್ಪಣಿ ಪುಸ್ತಕ ತೆಗೆದಳು.

"ಅಪ್ಪ ಅಮ್ಮಂದಿರೇ ಕೊಡ್ತಾರೆ. ರಾತ್ರಿ ಹಾಲಿನ ಜೊತೆ. ಅವರಲ್ಲೇ ಒಬ್ಬರದು ಔಷಧಿ ಅಂಗಡಿ. ಬುದ್ಧಿ ಚುರುಕಾಗುತ್ತೆ, ದೊಡ್ಡ ದೊಡ್ಡ ಕಡೆಯ ಮಕ್ಕಳೆಲ್ಲ ತಿಂತಾರೆ ಅಂತ ಹೇಳಿ ಒಬ್ಬರಿಂದ ಒಬ್ಬರಿಗೆ ಹಬ್ಬಿಸಿದ್ದಾರೆ. ಪಕ್ಕದ ಮನೆಯವರು ಕೊಟ್ರೆ ತಾವು ಕೊಡದೆ ಇರೋಕಾಗುತ್ತಾ? ವಿಷ ಅಂತ ಗೊತ್ತಿದ್ದು ಕೊಡೋರು ಒಬ್ಬರೂ ಇಲ್ಲ. ಪ್ರೀತಿಯಿಂದಲೇ ಕೊಡ್ತಾರೆ. ಅದು ತಿಂದ ರಾತ್ರಿ ಕಣ್ಣು ಮುಚ್ಚೋಕೂ ಆಗಲ್ಲ ಅಂತ ಮಕ್ಕಳು ಇಲ್ಲಿ ಬಂದು ಅಳ್ತಿದ್ರು."

"ಯಾರಿಗೆ ಹೇಳಿದ್ರಿ ಇದನ್ನ?"

"ಪ್ರಿನ್ಸಿಪಾಲರಿಗೆ ಹೇಳಿದೆ. ನಿನ್ನ ಕೆಲಸ ಗಾಯಕ್ಕೆ ಪಟ್ಟಿ ಕಟ್ಟೋದು ಅಂದ್ರು. ತೂಕ ನೋಡಿಯಾದ್ರೂ ಯಾರಿಗಾದ್ರೂ ಗೊತ್ತಾಗಲಿ ಅಂತ ಒಂದು ಗ್ರಾಮೂ ತಪ್ಪದ ಹಾಗೆ ಬರೆದು ಕಳಿಸಿದೆ." ಅವಳು ಮೂಲೆಯತ್ತ ಕೈ ತೋರಿಸಿದಳು. "ಹೊಸ ತಕ್ಕಡಿ ಬಂತು."

ಜಿಗಣೆ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು.

"ಪುಟ್ಟಿ ಎಲ್ಲಿ?"

"ನನಗೇನು ಗೊತ್ತು?"

"ಆ ಮಕ್ಕಳು ಮನಸ್ಸು ಬಿಚ್ಚಿದ್ದು ನಿಮ್ಮೊಬ್ಬರ ಹತ್ತಿರ. ಅಂಥ ಹುಡುಗಿ ಕಾಣೆಯಾಗಿ ವಾರವಾದ್ರೂ ನೀವು ಒಂದು ಸಲ ಠಾಣೆಗೆ ಬಂದು ಏನಾಯ್ತು ಅಂತ ವಿಚಾರಿಸಿಲ್ಲ. ಗೊತ್ತಿಲ್ಲದೇ ಇರೋರು ವಿಚಾರಿಸ್ತಾರೆ."

ನರ್ಸಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಮುಖ ಮುಚ್ಚಿಕೊಂಡು ಅತ್ತಳು.

"ನಮ್ಮ ಮನೆಯಲ್ಲಿದ್ಲು," ಎಂದಳು ನರ್ಸಕ್ಕ. "ಅವತ್ತು ಇಲ್ಲೇ ತಲೆ ತಿರುಗಿ ಬಿದ್ಲು. ಮನೆಗೆ ಕಳಿಸಿದ್ರೆ ರಾತ್ರಿ ಮತ್ತೆ ಕೊಡ್ತಾರೆ ಅಂತ ನಾನೇ ಕರ್ಕೊಂಡು ಹೋದೆ. ಗುರುತಿನ ಡಾಕ್ಟರೊಬ್ಬರು ಮನೆಗೇ ಬಂದು ನೋಡಿದ್ರು. ಎದೆ ಬಡಿತ ಲಯ ತಪ್ಪಿದೆ, ಇನ್ನು ಒಂದೇ ಒಂದು ಮಾತ್ರೆ ಒಳಗೆ ಹೋಗಬಾರದು, ಹೋದ್ರೆ ಹುಡುಗಿ ಉಳಿಯಲ್ಲ ಅಂದ್ರು. ಮಲಗಿದ್ಲು ಮೇಡಂ. ಎದ್ದು ಊಟ ಮಾಡೋದು, ಮತ್ತೆ ಮಲಗೋದು. ಅಷ್ಟು ಹಿತವಾಗಿ ನಿದ್ದೆ ಮಾಡೋ ಮಗೂನ ನಾನು ನೋಡಿರಲಿಲ್ಲ."

"ಅಷ್ಟು ದಿನ ಆ ತಂದೆ ನನ್ನೆದುರಿಗೆ ಕೈ ಮುಗಿದು ನಿಲ್ತಿದ್ದ! ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ ನಿಮಗೆ?"

"ಹೇಳಿದ್ರೆ ನೀವು ಅವಳನ್ನ ಎಲ್ಲಿಗೆ ಕಳಿಸ್ತಿದ್ರಿ?"

ಜಿಗಣೆ ಅಪ್ಪನ ಮನೆಗೇ ಕಳಿಸುತ್ತಿದ್ದಳು. ಫೋಟೋ ತೆಗೆಸಿ, ಕೈಗೆ ಸಿಹಿ ಕೊಟ್ಟು, ಕೇಸು ಮುಗಿಯಿತೆಂದು ಸಹಿ ಹಾಕಿ ಕಳಿಸುತ್ತಿದ್ದಳು.

"ಒಬ್ಬಳನ್ನ ಬಚ್ಚಿಟ್ರಿ. ಉಳಿದವರು?"

"ಉಳಿದವರನ್ನ ಎಲ್ಲಿ ಬಚ್ಚಿಡಲಿ ಮೇಡಂ? ನನ್ನ ಮನೆಯಲ್ಲಿರೋದು ಒಂದೇ ರೂಮು."

ಜಿಗಣೆ ಕೇಳಿದಳು, "ಇದ್ಲು ಅಂದ್ರಿ. ಈಗ?"

"ಬೆಳಿಗ್ಗೆ ಹಾಲು ತರೋಕೆ ಹೋಗಿದ್ದೆ. ಬರೋಷ್ಟರಲ್ಲಿ ಬಾಗಿಲು ತೆರೆದಿತ್ತು. ಹೊದಿಕೆ ಮಡಿಸಿಟ್ಟಿತ್ತು. ಬೀದಿ ಬೀದಿ ಹುಡುಕಿದೆ, ಎಲ್ಲೂ ಇಲ್ಲ. ನಿಮಗೆ ಹೇಳಬೇಕು ಅಂತಲೇ ಬಾಯಿವರೆಗೂ ಬಂದಿತ್ತು, ಧೈರ್ಯ ಸಾಲಲಿಲ್ಲ."

ಮಡಿಸಿಟ್ಟ ಹೊದಿಕೆ. ಕ್ಷೌರ ಮಾಡಿದ ಮುಖ. ಕಂಕುಳಲ್ಲಿ ಫ್ಲಾಸ್ಕು. ಏನಾದ್ರೂ ಗೊತ್ತಾಯ್ತಾ ಎಂದು ಕೇಳದ ಅಪ್ಪ.

ಆಸೆ ಬತ್ತಿದವನು ಹಾಗೆ ಕ್ಷೌರ ಮಾಡಿಕೊಂಡು ಬರುವುದಿಲ್ಲ. ಅವನು ಕೇಳಲಿಲ್ಲ, ಏಕೆಂದರೆ ಅವನಿಗೆ ಗೊತ್ತಿತ್ತು.

ಜಿಗಣೆ ಓಡಿದಳು.

ಮೆಕ್ಯಾನಿಕ್ ನಿಂತಲ್ಲೇ ನಿಂತಿದ್ದ. ಅವಳು ಓಡಿ ಬರುವುದನ್ನು ಕಂಡು ಅಪರಾಧಿಯಂತೆ ನಕ್ಕ.

"ಪುಟ್ಟಿ ಎಲ್ಲಿ?"

"ಬೈಬೇಡಿ ಮೇಡಂ. ಸಾಯಂಕಾಲ ನಾನೇ ಬಂದು ಹೇಳೋಣ ಅಂತಿದ್ದೆ. ಬೆಳಿಗ್ಗೆ ಅವಳೇ ಫೋನ್ ಮಾಡಿದ್ಲು, ಅಪ್ಪ, ಪರೀಕ್ಷೆ ತಪ್ಪಿಹೋಗುತ್ತೆ, ಬಂದು ಕರ್ಕೊಂಡು ಹೋಗು ಅಂತ. ನಿಮಗೆ ಹೇಳಿದ್ರೆ ಠಾಣೆ, ಹೇಳಿಕೆ ಅಂತ ಕೂರಿಸ್ಕೊಳ್ತಿದ್ರಿ, ಪೇಪರ್ ಹೋಗ್ತಿತ್ತು." ಅವನ ಕಣ್ಣಲ್ಲಿ ನೀರು ತುಂಬಿತ್ತು. "ಮೈ ತುಂಬಿಕೊಂಡು ಬಂದಿದ್ದಾಳೆ ಮೇಡಂ ನನ್ನ ಕೂಸು. ಯಾರ ಕಣ್ಣಿಗೂ ಬೀಳದ ಹಾಗೆ ಹಿಂದಿನ ಗೇಟಿನಿಂದ ಕಳಿಸಿದೆ, ಮೇಲಿನ ಹಾಲ್‌ನಲ್ಲಿ ಬರೀತಿದ್ದಾಳೆ."

"ಮಾತ್ರೆ ಕೊಟ್ರಾ?"

ಅವನು ತಡವರಿಸಿದ. "ಅದು ಶಕ್ತಿ ಮಾತ್ರೆ ಅಷ್ಟೇ..."

"ಕೊಟ್ರಾ ಇಲ್ವಾ?"

"ಒಂದು ವಾರದ್ದು ತಪ್ಪಿಹೋಗಿತ್ತಲ್ಲ ಮೇಡಂ," ಎಂದ ಅವನು, ಗಾಡಿಯ ವಿಷಯ ತಿಳಿಯದವರಿಗೆ ವಿವರಿಸುವ ತಾಳ್ಮೆಯಿಂದ. "ಎಂಜಿನ್ ಆಯಿಲ್ ಇಳಿದಿದ್ರೆ ಇಳಿದಷ್ಟೂ ತುಂಬಬೇಕಲ್ವಾ? ಎಲ್ಲಾ ಸೇರಿಸಿ ಹಾಲಿಗೆ ಹಾಕಿ ಕೊಟ್ಟೆ."

ಜಿಗಣೆಗೆ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಅವನನ್ನು ತಬ್ಬಿಕೊಂಡು ಅಳಬೇಕೆನಿಸಿತು. ಎರಡಕ್ಕೂ ಸಮಯವಿರಲಿಲ್ಲ. ಆಂಬುಲೆನ್ಸ್ ಕರೆಯಿರೆಂದು ಕೂಗುತ್ತ ಮೆಟ್ಟಿಲು ಹತ್ತಿದಳು. ಹಿಂದಿನಿಂದ ನರ್ಸಕ್ಕ ಏದುಸಿರು ಬಿಡುತ್ತ ಬಂದಳು. ಅವಳ ಹಿಂದೆ ಏನಾಯಿತೆಂದು ತಿಳಿಯದ ಅಪ್ಪ ಫ್ಲಾಸ್ಕು ಹಿಡಿದುಕೊಂಡೇ ಬಂದ.

ಹಾಲ್‌ನ ಬಾಗಿಲಲ್ಲಿ, ಬೇರೆ ಶಾಲೆಯಿಂದ ಬಂದಿದ್ದ ಮೇಲ್ವಿಚಾರಕಿ ಎರಡೂ ಕೈ ಅಡ್ಡ ಹಿಡಿದರು.

"ಒಳಗೆ ಬಿಡೋ ಹಾಗಿಲ್ಲ. ಪೊಲೀಸ್ ಆದ್ರೂ ಅಷ್ಟೇ. ಮಕ್ಕಳಿಗೆ ತೊಂದರೆ ಆಗುತ್ತೆ."

ಅವರ ಭುಜದ ಮೇಲಿಂದ ಜಿಗಣೆ ಒಳಗೆ ನೋಡಿದಳು. ಸಾಲು ಸಾಲು ತಲೆಗಳು, ಸಾಲು ಸಾಲು ಪೆನ್ನುಗಳು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಮಾತ್ರ ಕೈಮೇಲೆ ಕೆನ್ನೆಯಿಟ್ಟು ಒರಗಿದ್ದಳು. ವಾರದಿಂದ ಜಿಗಣೆ ಜೇಬಿನಲ್ಲಿಟ್ಟುಕೊಂಡು ತಿರುಗಿದ ಫೋಟೋದ ಅದೇ ಜಡೆ. ಪೆನ್ನು ನೆಲಕ್ಕೆ ಬಿದ್ದಿತ್ತು.

"ಅವಳು... ಆ ಹುಡುಗಿ..."

ಮೇಲ್ವಿಚಾರಕಿ ತಿರುಗಿ ನೋಡಿ, ಮಮತೆಯಿಂದ ದನಿ ಇಳಿಸಿದರು.

"ನಿದ್ದೆ ಹೋಗಿದ್ದಾಳೆ ಪಾಪ. ಆಗಲೇ ನೋಡಿದೆ. ಹತ್ತು ನಿಮಿಷ ಮಲಗಲಿ ಅಂತ ನಾನೇ ಬಿಟ್ಟೆ. ರಾತ್ರಿಯೆಲ್ಲ ಓದಿರ್ತಾವೆ ಮಕ್ಕಳು."

ಆ ಮಾತ್ರೆ ತಿಂದವರಿಗೆ ಕಣ್ಣು ಮುಚ್ಚಲಾಗುವುದಿಲ್ಲವೆಂದು ಜಿಗಣೆ ಈಗಷ್ಟೇ ಕೇಳಿ ಬಂದಿದ್ದಳು. ಅವಳು ಮೇಲ್ವಿಚಾರಕಿಯ ಕೈ ತಳ್ಳಿ ಒಳಗೆ ನುಗ್ಗಿದಳು. ಬೆನ್ನ ಹಿಂದೆ ಮೆಕ್ಯಾನಿಕ್, "ಎಬ್ಬಿಸಿ ಮೇಡಂ, ಟೈಮ್ ಹೋಗ್ತಿದೆ, ಎಬ್ಬಿಸಿ ಅವಳನ್ನ," ಎನ್ನುತ್ತಿದ್ದ.